ವೋಮಾ: ಬಿಲದ ಹೆಬ್ಬಾವು ಗಾಜಿನ ಪೆಟ್ಟಿಗೆಗೆ ಬಂದ ಬಗೆ

ಹೆಬ್ಬಾವು ಎಂದೊಡನೆ ಬೇಟೆಗೆ ಸುರುಳಿ ಸುತ್ತಿ ಬಿಗಿಹಿಡಿದ ಚಿತ್ರ ನಮ್ಮ ಕಣ್ಣಮುಂದೆ ಬರುತ್ತದೆ. ಆಸ್ಟ್ರೇಲಿಯಾದ ಒಣನಾಡಿನ ವೋಮಾ ಹೆಬ್ಬಾವಿಗೆ ಎಷ್ಟೋ ಸಲ ಸುರುಳಿ ಸುತ್ತಲು ಜಾಗವೇ ಸಿಗುವುದಿಲ್ಲ. ಅದು ಬೇಟೆಯಾಡುವುದು ಬಿಲದೊಳಗೆ. ಆ ಇಕ್ಕಟ್ಟಿನಲ್ಲಿ ಮೈಯ ಒಂದು ಮಡಿಕೆಯನ್ನು ಮುಂದಕ್ಕೆ ತಳ್ಳಿ, ಇಲಿಯನ್ನೋ ಹಲ್ಲಿಯನ್ನೋ ಬಿಲದ ಗೋಡೆಗೆ ಒತ್ತಿ ಕೊಲ್ಲುತ್ತದೆ. ಹಾಗೆ ಒತ್ತಿಸಿಕೊಂಡ ಪ್ರಾಣಿ ಕೂಡಲೇ ಸಾಯುವುದಿಲ್ಲ, ಕಚ್ಚುತ್ತದೆ, ಪರಚುತ್ತದೆ. ಮರಳುಗಾಡಿನಲ್ಲಿ ಸಿಗುವ ಬಲಿತ ವೋಮಾಗಳ ಮೈಮೇಲೆ ಹಳೆಯ ಗಾಯದ ಕಲೆಗಳು ಕಾಣುವುದು ಇದರಿಂದಲೇ. ಪೆಟ್ಟಿಗೆಯಲ್ಲಿ ಹುಟ್ಟಿ, ಇಕ್ಕುಳದ ತುದಿಯಿಂದ ಸತ್ತ ಇಲಿ ತಿಂದು ಬೆಳೆದ ವೋಮಾದ ಮೈ ಮಾತ್ರ ನುಣ್ಣಗೆ ಹೊಳೆಯುತ್ತಿರುತ್ತದೆ. ಈ ಹಾವನ್ನು ಸಾಕುವ ವಿದ್ಯೆ ಬೆಳೆದ ಕಥೆಯನ್ನು ಓದುವಾಗ ಈ ಎರಡು ಮೈಗಳನ್ನೂ ಜೊತೆಗಿಟ್ಟು ನೋಡಬೇಕು ಎಂಬುದು ನನ್ನ ಅನಿಸಿಕೆ.

ವೋಮಾವನ್ನು ಮೊದಲು ಬಲ್ಲವರು ವಿಜ್ಞಾನಿಗಳಲ್ಲ. ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಅದು ಆಹಾರವೂ ಹೌದು, ಪುರಾಣವೂ ಹೌದು. ಉಲುರು ಬಂಡೆಯ ಅನಂಗು ಜನರ ಕಥೆಗಳಲ್ಲಿ ಬರುವ ಕುನಿಯಾ ಎಂಬ ಪೂರ್ವಜೆ ವೋಮಾ ಹೆಬ್ಬಾವಿನ ರೂಪದವಳು. ವಿಷದ ಹಾವು ಲಿರುವಿನೊಡನೆ ಅವಳು ಕಾದಿದ ಗುರುತುಗಳನ್ನು ಆ ಜನ ಇಂದಿಗೂ ಮುತಿಜುಲು ಹೊಂಡದ ಬಳಿಯ ಬಂಡೆಯಲ್ಲಿ ತೋರಿಸುತ್ತಾರೆ. ಗ್ರಂಥದಲ್ಲಿ ಇದರ ಹೆಸರು ಸೇರಿದ್ದು 1882ರಲ್ಲಿ. ವಿಲಿಯಂ ಜಾನ್ ಮ್ಯಾಕ್ಲೇ ಈ ಹಾವನ್ನು ವರ್ಣಿಸಿ, ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನ ಕ್ಯುರೇಟರ್ ಎಡ್ವರ್ಡ್ ರಾಮ್ಸೆಯ ಗೌರವಾರ್ಥ 'ರಾಮ್ಸೇಯಿ' ಎಂದು ಕರೆದ. ಇಂದಿನ ಪೂರ್ಣ ಹೆಸರು ಆಸ್ಪಿಡೈಟಿಸ್ ರಾಮ್ಸೇಯಿ. ಈ ಕುಲದಲ್ಲಿರುವುದು ಎರಡೇ ಪ್ರಭೇದ. ಇನ್ನೊಂದು ಉತ್ತರ ಭಾಗದ ಕರಿತಲೆ ಹೆಬ್ಬಾವು.

ವಿದ್ವಾಂಸರನ್ನು ಬಹಳ ಕಾಲ ಕಾಡಿದ್ದು ಇವೆರಡರ ತುಟಿ. ಬೇರೆ ಹೆಬ್ಬಾವುಗಳ ತುಟಿಯ ಹುರುಪೆಗಳಲ್ಲಿ ಬೇಟೆಯ ಮೈಬಿಸಿಯನ್ನು ಗ್ರಹಿಸುವ ಸಾಲುಗುಳಿಗಳಿರುತ್ತವೆ. ಇವಕ್ಕೆ ಆ ಸಾಲು ಇಲ್ಲ. ಹಾಗಾದರೆ ಹೆಬ್ಬಾವುಗಳಲ್ಲೆಲ್ಲ ಇವೇ ಅತಿ ಹಳೆಯ ಕವಲು ಇರಬೇಕೆಂಬ ಊಹೆ ಹುಟ್ಟಿತು. 1993ರಲ್ಲಿ ಸರೀಸೃಪತಜ್ಞ ಆರ್ನಲ್ಡ್ ಕ್ಲೂಗೆ ಅಂಗರಚನೆಯ ಆಧಾರದ ಮೇಲೆ ವಂಶವೃಕ್ಷ ಬಿಡಿಸಿದಾಗಲೂ ಅದೇ ಸ್ಥಾನ ಸಿಕ್ಕಿತು. ಆಮೇಲೆ ಡಿಎನ್‌ಎ ಅಧ್ಯಯನಗಳು ಬಂದು, ಮುಖ್ಯವಾಗಿ 2008ರಿಂದೀಚೆಗೆ, ಚಿತ್ರ ತಿರುಗಿತು. ವೋಮಾ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಹೆಬ್ಬಾವುಗಳ ಬಳಗದ ಒಳಗೇ ಸೇರುತ್ತದೆ; ಅಂದರೆ ಗುಳಿಗಳು ಅದಕ್ಕೆ ಮೊದಲಿನಿಂದ ಇಲ್ಲದ್ದಲ್ಲ, ನಡುವೆ ಕಳೆದುಹೋದದ್ದು. ತಣ್ಣನೆಯ ರಕ್ತದ ಹಲ್ಲಿ, ಹಾವುಗಳನ್ನು ಹೆಚ್ಚಾಗಿ ತಿನ್ನುವ ಪ್ರಾಣಿಗೆ ಬಿಸಿ ಅಳೆಯುವ ಗುಳಿ ಅಷ್ಟು ಬೇಕಿರಲಿಲ್ಲ ಎಂಬ ವಿವರಣೆ ನನಗೆ ಒಪ್ಪುವಂತೆ ಕಾಣುತ್ತದೆ.

ಸಾಕಣೆಯ ಕಥೆಯನ್ನು ಕಾನೂನಿನ ಕಥೆಯಿಂದ ಬಿಡಿಸಲಾಗದು. ಆಸ್ಟ್ರೇಲಿಯಾ ತನ್ನ ದೇಶದ ಸರೀಸೃಪಗಳನ್ನು ಜೀವಂತವಾಗಿ ವ್ಯಾಪಾರಕ್ಕೆ ಹೊರಗೆ ಕಳಿಸಲು ಬಿಡುವುದಿಲ್ಲ. ದೇಶದೊಳಗೆ ಸಾಕುವುದಕ್ಕೂ ಆಯಾ ರಾಜ್ಯದ ಪರವಾನಗಿ ಬೇಕು. ಹೊರದೇಶಗಳಲ್ಲಿ ಇಂದು ಕಾಣುವ ವೋಮಾಗಳೆಲ್ಲ ಹಿಂದೆ ಎಂದೋ ಹೊರಬಿದ್ದ ಕೆಲವೇ ಹಾವುಗಳ ಸಂತಾನ. 1994ರಲ್ಲಿ ಡೇವಿಡ್ ಬಾರ್ಕರ್ ಮತ್ತು ಟ್ರೇಸಿ ಬಾರ್ಕರ್ ಆಸ್ಟ್ರೇಲಿಯಾದ ಹೆಬ್ಬಾವುಗಳ ಮೇಲೆ ಬರೆದ ದೊಡ್ಡ ಗ್ರಂಥ ಹೊರಬಂತು. ಅಲ್ಲಿಂದ ಮುಂದೆ ವೋಮಾ ಪ್ರಾಣಿಸಂಗ್ರಹಾಲಯದ ಅಪರೂಪವಾಗಿ ಉಳಿಯದೆ, ಸಾಕುವವರು ಆಸೆಪಟ್ಟು ಹುಡುಕುವ ಹಾವಾಯಿತು.

ಮರಿ ಮಾಡಿಸುವ ವಿದ್ಯೆಯ ಗುಟ್ಟು ಮರಳುಗಾಡಿನ ಋತುಗಳಲ್ಲಿದೆ. ಅಲ್ಲಿ ಚಳಿಗಾಲದ ರಾತ್ರಿ ಬಲು ತಣ್ಣಗೆ. ಪೆಟ್ಟಿಗೆಯಲ್ಲಿ ವರ್ಷವಿಡೀ ಒಂದೇ ಹದದ ಬಿಸಿ ಕೊಟ್ಟರೆ ಹಾವು ತಿಂದು ದಪ್ಪಗಾಗುತ್ತದೆ, ಅಷ್ಟೆ. ಹಾಗಾಗಿ ಸಾಕುವವರು ಎರಡು ತಿಂಗಳಷ್ಟು ಕಾಲ ರಾತ್ರಿಯ ಉಷ್ಣತೆಯನ್ನು ಹದಿನೈದು-ಹದಿನೆಂಟು ಡಿಗ್ರಿಯ ಸುತ್ತಮುತ್ತ ಇಳಿಸಿ, ಆಹಾರ ನಿಲ್ಲಿಸಿ, ಹಗಲು ಮಾತ್ರ ಒಂದು ಮೂಲೆಯಲ್ಲಿ ಮೈ ಕಾಯಿಸಿಕೊಳ್ಳಲು ಬಿಡುತ್ತಾರೆ. ಗಂಡು ಹೆಣ್ಣನ್ನು ಕೂಡಿಸುವುದು ಈ ತಂಪಿನ ಕಾಲದಲ್ಲೇ. ಕೂಡಿಸುವಾಗಲೂ ಕಣ್ಣಿಟ್ಟಿರಬೇಕು. ಹಾವು ತಿನ್ನುವ ಹಾವು ಇದು. ಜೊತೆಗಾರನನ್ನೇ ಊಟವೆಂದು ಹಿಡಿದೀತು. ಒಂದು ಪೆಟ್ಟಿಗೆಗೆ ಒಂದೇ ವೋಮಾ ಎಂಬುದು ಈ ಕಸುಬಿನ ಮೊದಲ ಪಾಠ.

ಹೆಣ್ಣು ಒಮ್ಮೆಗೆ ಸಾಮಾನ್ಯವಾಗಿ ಐದರಿಂದ ಇಪ್ಪತ್ತು ಮೊಟ್ಟೆ ಇಡುತ್ತದೆ. ಇಟ್ಟು ಹೊರಟುಹೋಗುವುದಿಲ್ಲ. ಮೊಟ್ಟೆಗಳ ಸುತ್ತ ಸುರುಳಿ ಹಾಕಿ ಕೂತು, ಮೈಯ ಸ್ನಾಯುಗಳನ್ನು ಬಿಟ್ಟುಬಿಟ್ಟು ಅದುರಿಸುತ್ತಾ ಕಾವು ಕೊಡುತ್ತದೆ. ಹೆಬ್ಬಾವು ಹೀಗೆ ತನ್ನ ಮೈಯಲ್ಲೇ ಬಿಸಿ ಹುಟ್ಟಿಸುತ್ತದೆ ಎಂಬುದನ್ನು ಪ್ಯಾರಿಸ್ಸಿನಲ್ಲಿ ಪ್ರಾಣಿವಿಜ್ಞಾನಿ ವಲಾಂಸಿಯೆನ್ ಅಳೆದು ತೋರಿಸಿದ್ದು 1841ರಲ್ಲಿ, ಏಷ್ಯಾದ ಹೆಬ್ಬಾವೊಂದರ ಮೇಲೆ. ಈಗ ಬಹುತೇಕರು ಮೊಟ್ಟೆಗಳನ್ನು ತೆಗೆದು ಇನ್‌ಕ್ಯುಬೇಟರ್‌ನಲ್ಲಿ ಸುಮಾರು 31 ಡಿಗ್ರಿಯಲ್ಲಿ ಇಡುತ್ತಾರೆ. ಎರಡು ತಿಂಗಳ ಹೊತ್ತಿಗೆ ಚರ್ಮದಂಥ ಚಿಪ್ಪು ಸೀಳಿ ಮರಿಯ ಮೂತಿ ಹೊರಗೆ ಇಣುಕುತ್ತದೆ. ಎರಡೂ ಕಣ್ಣಿನ ಮೇಲೆ ಹುಬ್ಬು ತೀಡಿದಂತೆ ಕಪ್ಪು ಮಚ್ಚೆ. ಬೆಳೆದಂತೆ ಅದು ಸಾಮಾನ್ಯವಾಗಿ ಮಾಸುತ್ತದೆ.

ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಮರಿಗಳಿಗೆ ಇಲಿ ಎಂದರೆ ಏನೆಂದೇ ತಿಳಿಯದು. ಅವು ಹುಟ್ಟಾ ಹಲ್ಲಿ ತಿನ್ನುವವು. ಕಣ್ಣು ಬಿಡದ ಇಲಿಮರಿಯನ್ನು ಮುಂದೆ ಹಿಡಿದರೆ ಮುಖ ತಿರುಗಿಸುತ್ತವೆ. ಅನುಭವಿಗಳು ಆ ಇಲಿಮರಿಯನ್ನು ತೊಳೆದು, ಅದರ ಮೂತಿಗೆ ಹಾವುರಾಣಿಯ ಪೊರೆಯನ್ನು ತಿಕ್ಕಿ ವಾಸನೆ ಹತ್ತಿಸುತ್ತಾರೆ. ಮರಿ ನಾಲಿಗೆ ಆಡಿಸುತ್ತದೆ, ತಡೆಯುತ್ತದೆ, ಬಾಲದ ತುದಿ ಹುಳುವಿನಂತೆ ಹೊರಳುತ್ತದೆ, ಆಮೇಲೆ ಥಟ್ಟನೆ ಹಿಡಿಯುತ್ತದೆ. ಎಷ್ಟೋ ವಾರ ಇದೇ ಕೆಲಸ. ಸಾಕಣೆಯ ವಿದ್ಯೆ ಎಂದರೆ ಮುಕ್ಕಾಲು ಪಾಲು ಇಂಥ ತಾಳ್ಮೆಯೇ.

ಒಮ್ಮೆ ತಿನ್ನಲು ಕಲಿತ ವೋಮಾ ಮತ್ತೆ ಹಿಂದೆ ನೋಡುವುದಿಲ್ಲ. ಇದರ ಸ್ವಭಾವದ ಬಗ್ಗೆ ಹೇಳುವಾಗ ಎಲ್ಲರೂ 'ಸಾಧು' ಎನ್ನುತ್ತಾರೆ. ಆ ಮಾತು ಅರ್ಧ ನಿಜ. ಕೈಗೆತ್ತಿಕೊಂಡ ಮೇಲೆ ಅದು ಶಾಂತ, ಹೆದರಿ ಕಚ್ಚುವುದು ಕಡಿಮೆ. ಚಟುವಟಿಕೆಯ, ಕುತೂಹಲದ ಹಾವು. ಆದರೆ ಬಾಗಿಲು ತೆರೆದ ಕ್ಷಣ ಒಳಗೆ ಬರುವ ಕೈಯೂ ಅದಕ್ಕೆ ಊಟವೇ. ಹೀಗೆ ಹಿಡಿದದ್ದನ್ನು ಬೇಗ ಬಿಡುವುದೂ ಇಲ್ಲ. ಅದಕ್ಕೇ ಮೊದಲು ಒಂದು ಕೊಕ್ಕೆಯಿಂದ ಮೈ ಸವರಿ, ಇದು ಊಟದ ಹೊತ್ತಲ್ಲ ಎಂದು ತಿಳಿಸಿ ಆಮೇಲೆ ಎತ್ತುತ್ತಾರೆ. ಅತಿಯಾಗಿ ಉಣಿಸಿದ ವೋಮಾ ಬೊಜ್ಜಿನಿಂದ ಬಳಲುತ್ತದೆ. ತೇವದ ಪೆಟ್ಟಿಗೆಯಲ್ಲಿಟ್ಟರೆ ಉಸಿರಾಟದ ರೋಗ ಹಿಡಿಯುತ್ತದೆ.

ಬಣ್ಣದ ವಿಚಾರದಲ್ಲಿ ಪ್ರಕೃತಿಯೇ ಧಾರಾಳಿ. ತಳದ ಬಣ್ಣ ತೆಳು ಹಳದಿಯಿಂದ ಕೆಂಗಂದಿನವರೆಗೆ, ಅದರ ಮೇಲೆ ಗಾಢ ಅಡ್ಡಪಟ್ಟೆಗಳು, ಹೊನ್ನಿನ ಬಣ್ಣದ ಕಿರಿದಾದ ತಲೆ. ಊರೂರಿಗೆ ಛಾಯೆ ಬೇರೆ. ಸಾಕುವವರು ತನಾಮಿ, ಉಲುರು, ಬೌಲಿಯಾ ಎಂದು ನೆಲದ ಹೆಸರಿನಿಂದಲೇ ತಳಿಗಳನ್ನು ಗುರುತಿಸಿ, ಒಂದರೊಡನೊಂದು ಬೆರೆಸದೆ ಕಾಪಾಡಿಕೊಂಡು ಬಂದಿದ್ದಾರೆ. ಈ ಪದ್ಧತಿ ನನಗೆ ಮೆಚ್ಚುಗೆ: ಹಾವು ಯಾವ ಮಣ್ಣಿನದೆಂಬ ನೆನಪು ಅದರಲ್ಲಿ ಉಳಿಯುತ್ತದೆ. ಇದಕ್ಕೆ ವಿರುದ್ಧವಾದ ದಾರಿಯೂ ಇದೆ. ಆಫ್ರಿಕಾದ ಬಾಲ್ ಪೈಥಾನ್‌ನಲ್ಲಿ 'ವೋಮಾ' ಎಂಬ ಹೆಸರಿನ ಒಂದು ಬಣ್ಣದ ತಳಿ ಮಾರಾಟವಾಗುತ್ತದೆ. ಅದಕ್ಕೂ ಆಸ್ಟ್ರೇಲಿಯಾದ ವೋಮಾಗೂ ರಕ್ತಸಂಬಂಧವಿಲ್ಲ, ಪಟ್ಟೆಯ ಹೋಲಿಕೆಯಿಂದ ಬಂದ ಹೆಸರು. ಆ ಬಣ್ಣದ ಜೀನಿನ ಜೊತೆಗೇ ತಲೆ ತೂಗಾಡುವ ನರದೋಷವೂ ಬರುತ್ತದೆ. ಚೆಂದಕ್ಕಾಗಿ ಪ್ರಾಣಿಯ ಸಮತೋಲವನ್ನೇ ಕೆಡಿಸುವ ಇಂಥ ತಳಿಯನ್ನು ಬೆಳೆಸಬಾರದು.

ಇಷ್ಟೆಲ್ಲ ಕಲಿತ ಮೇಲೆ, ಸಾಕಿದ್ದನ್ನು ಕಾಡಿಗೆ ಮರಳಿಸಬಹುದೇ? ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಭಾಗದ ಗೋಧಿ ಬೆಳೆಯುವ ಸೀಮೆಯಲ್ಲಿ ಕಾಡು ಕಡಿದು, ಹೊರಗಿನಿಂದ ಬಂದ ನರಿ, ಬೆಕ್ಕುಗಳು ಹೆಚ್ಚಿ, ವೋಮಾ ಕಾಣದಾಗಿತ್ತು. ಬೇರೆಡೆಯೂ ಆತಂಕವಿತ್ತು. ದಕ್ಷಿಣ ಆಸ್ಟ್ರೇಲಿಯಾದ ರಾಕ್ಸ್‌ಬಿ ಡೌನ್ಸ್ ಬಳಿ 123 ಚದರ ಕಿಲೋಮೀಟರಿಗೆ ಬೇಲಿ ಹಾಕಿ, ಬೆಕ್ಕು, ನರಿ, ಮೊಲಗಳನ್ನು ದೂರವಿಡುವ ಅರಿಡ್ ರಿಕವರಿ ಎಂಬ ರಕ್ಷಿತ ಪ್ರದೇಶವಿದೆ. 2007ರಲ್ಲಿ ಸೆರೆಯಲ್ಲಿ ಹುಟ್ಟಿದ ಒಂಬತ್ತು ವೋಮಾಗಳನ್ನು ಅಲ್ಲಿ ಬಿಟ್ಟು, ರೇಡಿಯೊ ಸಂಕೇತದ ಜಾಡು ಹಿಡಿದು ಗಮನಿಸಿದರು. ನಾಲ್ಕು ತಿಂಗಳೊಳಗೆ ಒಂಬತ್ತೂ ಸತ್ತವು. ಅವನ್ನು ಕೊಂದದ್ದು ಬೆಕ್ಕಲ್ಲ, ನರಿಯಲ್ಲ. ಅದೇ ನೆಲದ ಮಲ್ಗಾ ಎಂಬ ವಿಷದ ಹಾವು. ಬೇಲಿ ಹಾಕಿದವರು ಲೆಕ್ಕಕ್ಕೆ ಹಿಡಿಯದ ಶತ್ರು ಬೇಲಿಯೊಳಗೇ ಇತ್ತು. ಪೆಟ್ಟಿಗೆಯಲ್ಲಿ ಮರಿ ಮಾಡಿಸಲು ಬಂದರೆ ಸಾಲದು, ಬಿಟ್ಟ ಮೊದಲ ವಾರಗಳಲ್ಲಿ ಅದು ಎಲ್ಲಿ ಅಡಗಬೇಕೆಂಬುದನ್ನೂ ಯೋಚಿಸಬೇಕು ಎಂದು ಈ ಕ್ಷೇತ್ರಕ್ಕೆ ಕಲಿಸಿದ ಪ್ರಯೋಗವಿದು. ಸೋತದ್ದನ್ನು ಮುಚ್ಚಿಡದೆ ಪ್ರಕಟಿಸಿದ ಆ ತಂಡಕ್ಕೆ ನನ್ನ ಗೌರವ.

ವಿದೇಶಿ ಹಾವುಗಳನ್ನು ತರಿಸಿ ಸಾಕುವ ಈ ಕಥೆಯಲ್ಲಿ ನಮಗೂ ಒಂದು ಎಳೆಯಿದೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪೆಟ್ಟಿಗೆಯೊಂದರಲ್ಲಿ ಹೆಬ್ಬಾವುಗಳೂ ಸೇರಿ 234 ಜೀವಿಗಳು ಸಿಕ್ಕವು. ಅವುಗಳ ಜೊತೆ ಸತ್ತುಹೋದ ಕಾಂಗರೂ ಮರಿಯೊಂದು. 2024ರ ಏಪ್ರಿಲ್‌ನಲ್ಲಿ ಹತ್ತು ಹಳದಿ ಅನಕೊಂಡಗಳು. ಹೆಬ್ಬಾವುಗಳ ಕುಟುಂಬ ಪೂರ್ತಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. 2022ರ ತಿದ್ದುಪಡಿಯಿಂದ ನಮ್ಮ ವನ್ಯಜೀವಿ ಕಾಯಿದೆಯೂ ಅಂಥ ವಿದೇಶಿ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಲೇಬೇಕೆನ್ನುತ್ತದೆ. ನಮ್ಮದೇ ಹೆಬ್ಬಾವನ್ನಾಗಲಿ, ಮಣ್ಣುಮುಕ್ಕ ಹಾವನ್ನಾಗಲಿ ಮನೆಯಲ್ಲಿಡುವುದು ಅಪರಾಧ. ಹೊನ್ನಿನ ತಲೆಯ ಪಟ್ಟೆ ಹಾವನ್ನು ಯಾರಾದರೂ ನಿಮಗೆ ಮಾರಲು ತಂದರೆ, ಬೆಲೆ ಕೇಳುವ ಮೊದಲು ಅದು ಎಲ್ಲಿ ಹುಟ್ಟಿತು, ಯಾವ ಕಾಗದದ ಮೇಲೆ ದೇಶದೊಳಗೆ ಬಂತು ಎಂದು ಕೇಳಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.