ಮುದುಡಿದ ಬೆರಳುಗಳ ಪಾಠಶಾಲೆ

ಎಂಬಿಬಿಎಸ್ ಆಯಿತು, ಎಂ.ಎಸ್. ಆರ್ಥೋ ಆಯಿತು. ಮೂಳೆ ಡಾಕ್ಟರ್ ಎಂದು ಬೋರ್ಡು ಹಾಕಿಕೊಳ್ಳಬಹುದಾದವರು ಮತ್ತೊಂದು ವರ್ಷ ಹಿರಿಯರೊಬ್ಬರ ಕೈಕೆಳಗೆ ದುಡಿಯಲು ಹೋಗುವುದುಂಟು. ಭುಜ, ಮೊಣಕೈ, ಮಣಿಕಟ್ಟು, ಬೆರಳುಗಳಿಗೇ ಮೀಸಲಾದ ಈ ಕಲಿಕೆಗೆ ಫೆಲೋಶಿಪ್ ಎನ್ನುತ್ತಾರೆ. ಅಷ್ಟೆಲ್ಲ ಓದಿದ ಮೇಲೂ ಕೈಗೆಂದು ಬೇರೆ ಪಾಠ ಯಾಕೆ ಬೇಕಾಯಿತು ಎಂದು ಹುಡುಕುತ್ತಾ ಹೊರಟ ನಮಗೆ ಮೊದಲು ಸಿಕ್ಕಿದ್ದು ಯುದ್ಧ, ಆಮೇಲೆ ವೆಲ್ಲೂರು.

ಯುದ್ಧದ ಕತೆ ಚಿಕ್ಕದು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಅಮೆರಿಕದ ಸೈನಿಕರ ಕೈಗಳಿಗೆ ಮೂಳೆಗೊಬ್ಬ, ನರಕ್ಕೊಬ್ಬ, ಚರ್ಮಕ್ಕೊಬ್ಬ ಸರ್ಜನ್ ಎಂಬ ಪದ್ಧತಿ ಒಗ್ಗಲಿಲ್ಲ. ಎಲ್ಲವನ್ನೂ ಒಬ್ಬನೇ ಕಲಿಯಬೇಕು ಎಂದವರು ಸ್ಟರ್ಲಿಂಗ್ ಬನೆಲ್. ಸೇನೆಯ 9 ಕೇಂದ್ರಗಳಲ್ಲಿ ಕಿರಿಯರು ಈ ಕೆಲಸ ಕಲಿತರು. 1946ರಲ್ಲಿ 35 ಮಂದಿ ಸೇರಿ ಕೈ ಸರ್ಜನ್‌ಗಳ ಸಂಘ ಕಟ್ಟಿದರು.

ಅದೇ 1946ರಲ್ಲಿ ಪಾಲ್ ಬ್ರ್ಯಾಂಡ್ ವೆಲ್ಲೂರಿನ ಸಿಎಂಸಿಗೆ ಬಂದರು. ಹುಟ್ಟಿದ್ದು ತಮಿಳು ಸೀಮೆಯ ಕೊಲ್ಲಿ ಬೆಟ್ಟದಲ್ಲಿ, ಓದಿದ್ದು ಲಂಡನ್ನಿನಲ್ಲಿ. ಮರುವರ್ಷ ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಗೆ ಹೋದಾಗ, ಮುದುಡಿದ ಬೆರಳುಗಳ ರೋಗಿಯೊಬ್ಬರಿಗೆ ನನ್ನ ಕೈ ಹಿಸುಕಿ ಎಂದರು. ಅವರು ಹಿಸುಕಿದ ಬಿರುಸಿಗೆ ಬ್ರ್ಯಾಂಡ್ ನೋವಿನಿಂದ ಕೂಗುವಂತಾಯಿತು. ಸತ್ತುಹೋಗಿದೆ ಎಂದು ಎಲ್ಲರೂ ಬಿಟ್ಟಿದ್ದ ಕೈಯಲ್ಲಿ ಅಷ್ಟು ಬಲ! ಅಂಗೈಯೊಳಗಿನ ಸಣ್ಣ ಸ್ನಾಯುಗಳು ಸೋತಿದ್ದರೂ ಮುಂಗೈಯ ದೊಡ್ಡ ಸ್ನಾಯುಗಳು ಗಟ್ಟಿಯಾಗಿಯೇ ಇದ್ದವು.

ಹಾಗಿದ್ದರೆ ಗಟ್ಟಿ ಸ್ನಾಯುವೊಂದರ ಕೆಲಸ ಬದಲಿಸಬಹುದಲ್ಲ? 1948ರಿಂದ ವೆಲ್ಲೂರಿನಲ್ಲಿ ಈ ಶಸ್ತ್ರಚಿಕಿತ್ಸೆ ಶುರುವಾಯಿತು. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುವೊಂದಕ್ಕೆ ಕಾಲಿನಿಂದ ತೆಗೆದ ಸ್ನಾಯುರಜ್ಜುವನ್ನು ಸೇರಿಸಿ, ನಾಲ್ಕು ಎಳೆ ಮಾಡಿ ನಾಲ್ಕು ಬೆರಳುಗಳಿಗೆ ಹೊಲಿಯುವುದು ಬ್ರ್ಯಾಂಡ್ ರೂಪಿಸಿದ ವಿಧಾನಗಳಲ್ಲಿ ಒಂದು. ಹೊಲಿಗೆ ಅರ್ಧ ಕೆಲಸ ಮಾತ್ರ. ಪ್ಲಾಸ್ಟರ್ ಬಿಚ್ಚಿದ ಮೇಲೆ, ಹಳೆಯ ಸ್ನಾಯುವಿನಿಂದ ಹೊಸ ಕೆಲಸ ಮಾಡಿಸುವುದನ್ನು ರೋಗಿ ಮಗುವಿನಂತೆ ಕಲಿಯಬೇಕಿತ್ತು.

ಬೆರಳು ನೆಟ್ಟಗಾದವರಲ್ಲಿ ಕೆಲವರು ಸಂತೋಷಪಡಲಿಲ್ಲ. ಮುದುಡಿದ ಕೈಗೆ ಬೀಳುತ್ತಿದ್ದ ಭಿಕ್ಷೆ ನೆಟ್ಟಗಿನ ಕೈಗೆ ಬೀಳುತ್ತಿರಲಿಲ್ಲ. ಕುಷ್ಠದ ಗುರುತು ಗೊತ್ತಿದ್ದವರು ಕೆಲಸವನ್ನೂ ಕೊಡುತ್ತಿರಲಿಲ್ಲ. ಇದರಿಂದಲೇ ಬಡಗಿ ಕೆಲಸ ಕಲಿಸುವ ನವಜೀವನ ನಿಲಯ ಹುಟ್ಟಿತು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬೆರಳು ಮಾಯವಾಗುವುದು ರೋಗದಿಂದಲ್ಲ, ಸ್ಪರ್ಶವಿಲ್ಲದ ಬೆರಳನ್ನು ಇಲಿ ಕಡಿಯುವುದರಿಂದ ಎಂಬುದೂ ತಿಳಿಯಿತು. ಆಮೇಲೆ ರೋಗಿಗಳಿಗೆ ಬೆಕ್ಕು ಕೊಟ್ಟರು. ಯಾವ ಪಠ್ಯಪುಸ್ತಕದಲ್ಲಿ ಬೆಕ್ಕು ಬರುತ್ತದೆ?

ವೆಲ್ಲೂರಿಗೂ, ಹತ್ತಿರದ ಕರಿಗಿರಿಗೂ ದೇಶವಿದೇಶದ ಸರ್ಜನ್‌ಗಳು ಕಲಿಯಲು ಬಂದರು. ಅಲ್ಲಿ ಕಲಿತವರಲ್ಲಿ ನಮಗೆ ಹೆಚ್ಚು ಕಾಡಿದವರು ಮೇರಿ ವರ್ಗೀಸ್. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದರು. ನ್ಯೂಯಾರ್ಕಿನಲ್ಲಿ ಹೆಚ್ಚಿನ ತರಬೇತಿ ಪಡೆದು ಬಂದು ವೆಲ್ಲೂರಿನ ಪುನಶ್ಚೇತನ ವಿಭಾಗವನ್ನು ನಡೆಸಿದರು.

ಮುಂದೆ ಚೆನ್ನೈನ ಸ್ಟ್ಯಾನ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಆರ್. ವೆಂಕಟಸ್ವಾಮಿ ಕೈಗೆಂದೇ ವಿಭಾಗ ಕಟ್ಟಿದರು. ಕೊಯಮತ್ತೂರಿನ ಗಂಗಾ ಆಸ್ಪತ್ರೆಗೆ ಇಂದು ಹೊರದೇಶದವರೂ ಫೆಲೋಗಳಾಗಿ ಬರುತ್ತಾರೆ. ಅಲ್ಲಿಗೆ ಬರುವ ಕೈಗಳೇ ಬೇರೆ: ಯಂತ್ರಕ್ಕೆ ಸಿಕ್ಕವು, ರಸ್ತೆಯಲ್ಲಿ ಜಜ್ಜಿದವು.

ನಮ್ಮ ಕಡೆ ಆಲೆಮನೆಯ ಗಾಣ, ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ ಇದೇ ಕೆಲಸ ಮಾಡುತ್ತವೆ. ಮುಂಗೈ ತುಂಡಾದರೆ ಅದರ ಸ್ನಾಯು ತಂಪಿಲ್ಲದೆ ತಾಳುವುದು ಸುಮಾರು 6 ಗಂಟೆ. ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸ್ ಹಾಕಿದ ನೀರಿನಲ್ಲಿ ಇಡಬೇಕು, ನೇರ ಐಸಿನ ಮೇಲಲ್ಲ. ಒಂದು ವರ್ಷ ಹೆಚ್ಚು ಓದಿದ ಆ ಸರ್ಜನ್ ಇರುವ ಊರು ಎಷ್ಟು ಗಂಟೆ ದೂರ ಎಂಬುದನ್ನು ಸುಗ್ಗಿಗೆ ಮೊದಲೇ ಕೇಳಿಟ್ಟುಕೊಳ್ಳಿ.