ಸ್ತೂಪ (ಸಂಗೀತ ಆಲ್ಬಮ್)

ಬೆಂಗಳೂರಿನ ‘ದ್ವೇಷ’ ತಂಡದ ಮೊದಲ ಪೂರ್ಣ ಪ್ರಮಾಣದ ಆಲ್ಬಮ್. 2014ರಲ್ಲಿ ಜರ್ಮನಿಯ ಡುಂಕೆಲ್‌ಹೈಟ್ ಸಂಸ್ಥೆಯಿಂದ ಬಿಡುಗಡೆಯಾಯಿತು. ಪ್ರಕಾರ ಡೆತ್ ಮೆಟಲ್, ಹಾಡುಗಳು ಕನ್ನಡದಲ್ಲಿವೆ.

ಮೆಟಲ್‌ನ ಇನ್ನೊಂದು ಪ್ರಕಾರವಾದ ಬ್ಲ್ಯಾಕ್ ಮೆಟಲ್‌ನಲ್ಲಿ ಕೀರಲು ಕಿರುಚು ಮತ್ತು ಗಿಟಾರಿನ ತೆಳುವಾದ, ಎಡೆಬಿಡದ ಮೊರೆತ ಪ್ರಧಾನ. ‘ಸ್ತೂಪ’ದಲ್ಲಿ ಅವುಗಳ ಬದಲು ತಗ್ಗಿದ ಶ್ರುತಿಯ ಗಿಟಾರು, ಗಂಟಲಾಳದ ಗರ್ಜನೆ, ನಿಧಾನಗತಿಯ ಭಾರವಾದ ನಡೆಗಳಿವೆ. ಆದರೂ ನಯಗೊಳಿಸದ ಒರಟು ಧ್ವನಿ ಮತ್ತು ಕವಿದ ಕತ್ತಲ ವಾತಾವರಣದಿಂದಾಗಿ ಇದು ಬ್ಲ್ಯಾಕ್ ಮೆಟಲ್‌ಗೂ ಹತ್ತಿರವಾಗುತ್ತದೆ.

‘ಹೊಯ್ ಸಳ’ ಹಾಡು ಹುಲಿಯನ್ನು ಕೊಂದ ಸಳನ ಐತಿಹ್ಯವನ್ನೂ ‘ಉಗ್ರ ನರಸಿಂಹ’ ಪುರಾಣವನ್ನೂ ನೆನಪಿಸುತ್ತವೆ. ಭಾರತದ ಮೆಟಲ್ ತಂಡಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲೇ ಹಾಡುತ್ತವೆ. ಕನ್ನಡದ ಒತ್ತಕ್ಷರಗಳೂ ಮಹಾಪ್ರಾಣಗಳೂ ಈ ಸಂಗೀತದ ಬಿರುಸಿಗೆ ಸಹಜವಾಗಿ ಒಗ್ಗುತ್ತವೆ ಎಂದು ತೋರಿಸಿದ್ದೇ ‘ಸ್ತೂಪ’ದ ಹಿರಿಮೆ.