ಸಿ.ಎ. ಅಂತಿಮ ಪರೀಕ್ಷೆ: ಅನುತ್ತೀರ್ಣರಾದವರ ಮರುಸಿದ್ಧತೆ ಹೇಗಿರಬೇಕು?

ದೇಶದ ಕಠಿಣ ವೃತ್ತಿಪರ ಪರೀಕ್ಷೆಗಳಲ್ಲಿ ಚಾರ್ಟರ್ಡ್ ಅಕೌಂಟೆಂಟ್ (ಸಿ.ಎ.) ಅಂತಿಮ ಪರೀಕ್ಷೆಯೂ ಒಂದು. 2024ರ ನವೆಂಬರ್‌ನಲ್ಲಿ ಎರಡೂ ಗುಂಪುಗಳನ್ನು ಒಟ್ಟಿಗೆ ಬರೆದ 30,763 ಅಭ್ಯರ್ಥಿಗಳ ಪೈಕಿ ತೇರ್ಗಡೆಯಾದವರು 4,134 ಮಂದಿ, ಅಂದರೆ ಶೇ. 13.44. ಮೊದಲ ಗುಂಪಿನ ಫಲಿತಾಂಶ 2023ರ ನವೆಂಬರ್‌ನಲ್ಲಿ ಶೇ. 9.46ಕ್ಕೆ ಇಳಿದಿತ್ತು, 2024ರ ಮೇನಲ್ಲಿ ಶೇ. 27.35ಕ್ಕೆ ಏರಿತ್ತು. ಫಲಿತಾಂಶ ಉತ್ತಮವಾಗಿದ್ದ ಆ ಬಾರಿಯೂ ನಾಲ್ವರಲ್ಲಿ ಸುಮಾರು ಮೂವರು ಅನುತ್ತೀರ್ಣರಾದರು.

ಹೀಗಾಗಿ ಈ ಪರೀಕ್ಷೆಯ ಮಟ್ಟಿಗೆ ಮರುಯತ್ನವೆಂಬುದು ಅಪವಾದವಲ್ಲ, ಸಾಮಾನ್ಯ ಸಂಗತಿ. ಆದರೂ ಬಹುಪಾಲು ಅಭ್ಯರ್ಥಿಗಳು ಎರಡನೆಯ ಬಾರಿಗೆ ಮಾಡುವುದು ಮೊದಲ ಬಾರಿಯ ಸಿದ್ಧತೆಯ ಪುನರಾವರ್ತನೆಯನ್ನೇ. ಅದೇ ಪುಸ್ತಕ, ಅದೇ ಟಿಪ್ಪಣಿ, ಇನ್ನಷ್ಟು ಗಂಟೆಗಳ ಓದು. ಅಂಕಗಳು ಎಲ್ಲಿ, ಏಕೆ ಕೈತಪ್ಪಿದವು ಎಂಬುದನ್ನು ತಿಳಿಯದೆ ಹೆಚ್ಚಿಸಿದ ಓದಿನ ಗಂಟೆಗಳು ಫಲ ನೀಡುವುದು ವಿರಳ.

ಅಂಕಪಟ್ಟಿಯನ್ನು ಓದುವ ಬಗೆ

1949ರ ಕಾಯ್ದೆಯಡಿ ಸ್ಥಾಪನೆಯಾದ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ (ಐ.ಸಿ.ಎ.ಐ.) ಈ ಪರೀಕ್ಷೆಯನ್ನು ನಡೆಸುತ್ತದೆ. 2024ರ ಮೇನಿಂದ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಅಂತಿಮ ಹಂತಕ್ಕೆ ಆರು ಪತ್ರಿಕೆಗಳಿದ್ದು, ತಲಾ ಮೂರರಂತೆ ಎರಡು ಗುಂಪುಗಳಾಗಿ ವಿಂಗಡಿಸಲಾಗಿದೆ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ ಶೇ. 40 ಹಾಗೂ ಗುಂಪಿನ ಒಟ್ಟು ಅಂಕಗಳಲ್ಲಿ ಶೇ. 50 ಗಳಿಸಿದವರು ಮಾತ್ರ ಉತ್ತೀರ್ಣರು. ಈ ಎರಡು ಷರತ್ತುಗಳಿಂದಾಗಿ ಅನುತ್ತೀರ್ಣತೆಯಲ್ಲೂ ಮೂರು ಬಗೆಗಳಿವೆ.

ಮೊದಲನೆಯದು ಒಟ್ಟು ಅಂಕಗಳ ಕೊರತೆ. ಒಬ್ಬ ಅಭ್ಯರ್ಥಿಗೆ ಮೂರು ಪತ್ರಿಕೆಗಳಲ್ಲಿ 62, 45, 41 ಅಂಕಗಳು ಬಂದಿವೆ ಎಂದಿಟ್ಟುಕೊಳ್ಳೋಣ. ಮೂರರಲ್ಲೂ 40 ದಾಟಿದ್ದರೂ ಒಟ್ಟು 148. ಎರಡು ಅಂಕಗಳಿಂದ ಗುಂಪು ಕೈತಪ್ಪಿತು. ಎರಡನೆಯದು ಒಂದು ಪತ್ರಿಕೆಯ ವೈಫಲ್ಯ. 58, 57, 36 ಅಂಕಗಳ ಮೊತ್ತ 151 ಆದರೂ ಒಂದು ಪತ್ರಿಕೆ 40ರ ಗೆರೆ ಮುಟ್ಟಿಲ್ಲ. ಮೂರನೆಯದು ಎಲ್ಲ ಪತ್ರಿಕೆಗಳಲ್ಲೂ ಕಂಡುಬರುವ ದೌರ್ಬಲ್ಯ. ಉದಾಹರಣೆಗೆ 44, 38, 35.

ಫಲಿತಾಂಶದಲ್ಲಿ ಮೂವರಿಗೂ ಸಿಗುವ ಪದ ಒಂದೇ. ಆದರೆ ಮೊದಲನೆಯವರು 62 ಅಂಕ ಬಂದ ಪತ್ರಿಕೆಯನ್ನು ಮತ್ತೆ ಬರೆಯಬೇಕಿಲ್ಲ. ಗುಂಪಿನ ಎಲ್ಲ ಪತ್ರಿಕೆಗಳನ್ನೂ ಬರೆದು, ಅನುತ್ತೀರ್ಣರಾದರೂ ಯಾವುದಾದರೂ ಪತ್ರಿಕೆಯಲ್ಲಿ ಶೇ. 60 ಅಥವಾ ಹೆಚ್ಚು ಅಂಕ ಪಡೆದವರಿಗೆ ಆ ಪತ್ರಿಕೆಯಿಂದ ವಿನಾಯಿತಿ ದೊರೆಯುತ್ತದೆ. ಆ ಅಂಕಗಳು ಮುಂದಿನ ಒಟ್ಟು ಲೆಕ್ಕಕ್ಕೂ ಸೇರುತ್ತವೆ. ಉಳಿದ ಎರಡು ಪತ್ರಿಕೆಗಳಲ್ಲಿ 88 ಅಂಕ ಗಳಿಸಿದರೆ ಸಾಕು. ಆದರೆ ಹಿಂದಿನ 45 ಮತ್ತು 41 ಅಂಕಗಳು ಠೇವಣಿಯಲ್ಲ, ಅವೆರಡನ್ನೂ ಹೊಸದಾಗಿ ಸಂಪಾದಿಸಬೇಕು. ‘ಎರಡೇ ಅಂಕ ಬಾಕಿ’ ಎಂಬ ಭಾವನೆಯಲ್ಲಿ ಸಡಿಲವಾಗಿ ಓದಿದವರು ಎಡವುವುದು ಇಲ್ಲಿಯೇ. ಎರಡನೆಯವರ ಸ್ಥಿತಿ ಬೇರೆ. 58 ಮತ್ತು 57 ಒಳ್ಳೆಯ ಅಂಕಗಳಾದರೂ ವಿನಾಯಿತಿಯ ಗೆರೆ ದಾಟದ ಕಾರಣ ಮೂರೂ ಪತ್ರಿಕೆಗಳನ್ನು ಮತ್ತೆ ಬರೆಯಬೇಕು. ದುರ್ಬಲ ಪತ್ರಿಕೆಯೊಂದಕ್ಕೇ ಸಮಯವನ್ನೆಲ್ಲ ಮೀಸಲಿಟ್ಟರೆ ಉಳಿದೆರಡರ ಹಿಡಿತ ತಪ್ಪುವ ಅಪಾಯವಿದೆ.

ವಿನಾಯಿತಿಯ ಆಯುಷ್ಯ

ವಿನಾಯಿತಿಯು ತಕ್ಷಣದ ಮುಂದಿನ ಮೂರು ಪರೀಕ್ಷೆಗಳಿಗೆ ಅನ್ವಯಿಸುತ್ತದೆ. ಪರೀಕ್ಷೆಗೆ ಕುಳಿತುಕೊಳ್ಳದಿದ್ದರೂ ಅದು ಎಣಿಕೆಯಲ್ಲಿ ಕಳೆದುಹೋಗುತ್ತದೆ. ಅಂತಿಮ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತಿದ್ದಾಗ ಮೂರು ಪರೀಕ್ಷೆಗಳೆಂದರೆ ಒಂದೂವರೆ ವರ್ಷ. 2025ರಿಂದ ಅಂತಿಮ ಪರೀಕ್ಷೆಯನ್ನೂ ಜನವರಿ, ಮೇ ಹಾಗೂ ಸೆಪ್ಟೆಂಬರ್‌ನಲ್ಲಿ, ವರ್ಷಕ್ಕೆ ಮೂರು ಬಾರಿ ನಡೆಸುವ ನಿರ್ಧಾರವಾದ ಬಳಿಕ ಅದೇ ಮೂರು ಅವಕಾಶಗಳು ಒಂದು ವರ್ಷದೊಳಗೆ ಮುಗಿಯುತ್ತವೆ. ಅವಧಿ ಮುಗಿದ ಮೇಲೂ ವಿನಾಯಿತಿಯನ್ನು ಉಳಿಸಿಕೊಳ್ಳಲು ಹೊಸ ಪದ್ಧತಿಯಲ್ಲಿ ಅವಕಾಶವಿದೆ. ಆದರೆ ಆಗ ಆ ಗುಂಪಿನ ಉಳಿದ ಪ್ರತಿಯೊಂದು ಪತ್ರಿಕೆಯಲ್ಲಿ 40ರ ಬದಲು ಕನಿಷ್ಠ ಶೇ. 50 ಅಂಕ ಗಳಿಸಬೇಕಾಗುತ್ತದೆ.

ಒಂದು ಗುಂಪೋ, ಎರಡು ಗುಂಪೋ ಎಂಬ ನಿರ್ಧಾರವನ್ನೂ ಅಂಕಗಳೇ ಹೇಳಬೇಕು. ಎರಡೂ ಗುಂಪುಗಳನ್ನು ಒಟ್ಟಿಗೆ ಬರೆದವರು ಪ್ರತಿ ಪತ್ರಿಕೆಯಲ್ಲಿ 40 ಗಳಿಸಿ ಆರೂ ಪತ್ರಿಕೆಗಳಿಂದ 300 ಅಂಕ ಪಡೆದರೆ ಎರಡೂ ಗುಂಪುಗಳಲ್ಲಿ ಉತ್ತೀರ್ಣರು. ಮೊದಲ ಗುಂಪಿನಲ್ಲಿ 140, ಎರಡನೆಯದರಲ್ಲಿ 165 ಬಂದರೆ ಒಂದರ ಹೆಚ್ಚುವರಿ ಮತ್ತೊಂದರ ಕೊರತೆಯನ್ನು ತುಂಬುತ್ತದೆ. ಮೊದಲ ಗುಂಪನ್ನಷ್ಟೇ ಬರೆದವರಿಗೆ ಇದೇ 140 ಸೋಲು ತರುತ್ತದೆ. ಆದರೆ ಆರು ಪತ್ರಿಕೆಗಳಿಗೆ ಬೇಕಾದ ದಿನಗಳು ಕೈಯಲ್ಲಿಲ್ಲದಿದ್ದರೆ ಈ ಅನುಕೂಲ ಕಾಗದದ ಮೇಲಷ್ಟೇ ಉಳಿಯುತ್ತದೆ.

ಉತ್ತರ ಪತ್ರಿಕೆಯೇ ಮೊದಲ ಪಠ್ಯ

ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ ಅಂಕಗಳ ಪರಿಶೀಲನೆಗೂ, ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯ ದೃಢೀಕೃತ ಪ್ರತಿಗೂ ಅರ್ಜಿ ಸಲ್ಲಿಸಬಹುದು. ಪರಿಶೀಲನೆಯೆಂದರೆ ಮರುಮೌಲ್ಯಮಾಪನವಲ್ಲ. ಎಲ್ಲ ಉತ್ತರಗಳಿಗೂ ಅಂಕ ನೀಡಲಾಗಿದೆಯೇ, ಕೂಡುವಿಕೆ ಸರಿಯಿದೆಯೇ ಎಂಬುದನ್ನಷ್ಟೇ ನೋಡಲಾಗುತ್ತದೆ. ಉತ್ತರಕ್ಕೆ ನೀಡಿದ ಅಂಕ ಕಡಿಮೆಯಾಯಿತೆಂಬ ಆಕ್ಷೇಪಕ್ಕೆ ಅಲ್ಲಿ ಸ್ಥಾನವಿಲ್ಲ.

ಮರುಯತ್ನದ ದೃಷ್ಟಿಯಿಂದ ಹೆಚ್ಚು ಉಪಯುಕ್ತವಾದುದು ದೃಢೀಕೃತ ಪ್ರತಿ. ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯನ್ನು ನೋಡುವುದು ಮಾಹಿತಿ ಹಕ್ಕು ಕಾಯ್ದೆಯಡಿ ಪರೀಕ್ಷಾರ್ಥಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್ 9ರಂದು, ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ತೀರ್ಪು ನೀಡಿತ್ತು.

ಪ್ರತಿಯನ್ನು ಸಂಸ್ಥೆಯೇ ಪ್ರಕಟಿಸುವ ಸೂಚಿತ ಉತ್ತರಗಳ ಪಕ್ಕದಲ್ಲಿಟ್ಟು, ಕಳೆದುಕೊಂಡ ಪ್ರತಿಯೊಂದು ಅಂಕದ ಮುಂದೆ ಕಾರಣ ಬರೆಯಬೇಕು. ಕಾರಣಗಳು ಹೆಚ್ಚಾಗಿ ನಾಲ್ಕರಲ್ಲಿ ಒಂದಾಗಿರುತ್ತವೆ.

* ವಿಷಯವೇ ತಿಳಿದಿರಲಿಲ್ಲ. ಪರಿಹಾರ: ಅಧ್ಯಾಯವನ್ನು ಮೂಲದಿಂದ ಕಲಿಯುವುದು.
* ತಿಳಿದಿತ್ತು, ನೆನಪಾಗಲಿಲ್ಲ. ಪರಿಹಾರ: ಪುಸ್ತಕ ಮುಚ್ಚಿ ಬರೆಯುವ ಅಭ್ಯಾಸ.
* ನೆನಪಿತ್ತು, ಪ್ರಶ್ನೆ ಕೇಳಿದ್ದಕ್ಕೆ ಉತ್ತರಿಸಲಿಲ್ಲ. ಪರಿಹಾರ: ಪ್ರಶ್ನೆಯನ್ನು ಬಿಡಿಸಿ ಓದುವ, ಉತ್ತರವನ್ನು ಜೋಡಿಸುವ ತರಬೇತಿ.
* ಸಮಯ ಸಾಲಲಿಲ್ಲ. ಪರಿಹಾರ: ಗಡಿಯಾರವಿಟ್ಟು ಪೂರ್ಣ ಪತ್ರಿಕೆಗಳನ್ನು ಬರೆಯುವುದು.

ಹೆಚ್ಚು ಅಂಕಗಳು ಕೊನೆಯ ಎರಡು ಕಾರಣಗಳಿಂದ ಹೋಗಿದ್ದರೆ, ಹೊಸ ಕೋಚಿಂಗ್ ತರಗತಿಗೆ ಶುಲ್ಕ ಕಟ್ಟುವುದರಿಂದ ಪ್ರಯೋಜನ ಅಲ್ಪ. ಅಂಥವರಿಗೆ ಬೇಕಾದುದು ಪಾಠವಲ್ಲ, ಬರವಣಿಗೆ.

ಕೈಯಲ್ಲಿರುವ ದಿನಗಳು

ವರ್ಷಕ್ಕೆ ಮೂರು ಪರೀಕ್ಷೆಗಳಿಂದ ಅವಕಾಶ ಹೆಚ್ಚಿದೆ, ಅಂತರ ಕುಗ್ಗಿದೆ. 2025ರ ಮೇ ಪರೀಕ್ಷೆಯ ಫಲಿತಾಂಶ ಜುಲೈ 6ರಂದು ಪ್ರಕಟವಾಯಿತು. ಸೆಪ್ಟೆಂಬರ್ ಪರೀಕ್ಷೆಯ ಮೊದಲ ಪತ್ರಿಕೆ 3ರಂದೇ ಇತ್ತು. ನಡುವೆ ಉಳಿದದ್ದು ಎರಡು ತಿಂಗಳಿಗೂ ಕಡಿಮೆ. ಈ ಅವಧಿಯಲ್ಲೇ ನಿರಾಸೆಯಿಂದ ಚೇತರಿಸಿಕೊಳ್ಳಬೇಕು, ಅರ್ಜಿ ತುಂಬಬೇಕು, ಸಿದ್ಧತೆಯೂ ಆಗಬೇಕು.

ಒಂದು ಗುಂಪು ಬರೆಯುವವರು ಇಂಥ ಎಂಟು ವಾರಗಳನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ ವಾರ ಅಂಕಗಳ ವಿಶ್ಲೇಷಣೆ ಹಾಗೂ ಪಠ್ಯದ ಬದಲಾವಣೆಗಳ ಪಟ್ಟಿ. ಮುಂದಿನ ನಾಲ್ಕು ವಾರ ದುರ್ಬಲ ಅಧ್ಯಾಯಗಳ ಕಲಿಕೆ, ಜೊತೆಗೆ ಪ್ರತಿದಿನವೂ ಉತ್ತರ ಬರವಣಿಗೆ. ಕೊನೆಯ ಮೂರು ವಾರ ಪೂರ್ಣ ಅವಧಿಯ ಅಣಕು ಪರೀಕ್ಷೆ ಮತ್ತು ಪುನರ್ಮನನ. ದೃಢೀಕೃತ ಪ್ರತಿ ಕೈಸೇರುವವರೆಗೆ ಕಾಯುತ್ತ ಕೂರಬಾರದು. ಪರೀಕ್ಷೆಯಲ್ಲಿ ಬರೆದದ್ದನ್ನು ನೆನಪಿನಿಂದ ಪಟ್ಟಿ ಮಾಡಿಯೂ ಆರಂಭಿಸಬಹುದು. ಉದ್ಯೋಗದಲ್ಲಿದ್ದು ರಜೆ ಸಿಗದವರು ಒಂದು ಪರೀಕ್ಷೆಯನ್ನು ಬಿಟ್ಟು ಮುಂದಿನದಕ್ಕೆ ಸಿದ್ಧರಾಗುವುದು ತಪ್ಪಲ್ಲ. ಆದರೆ ವಿನಾಯಿತಿಯ ಕೊನೆಯ ಅವಕಾಶ ಯಾವುದೆಂದು ನೋಡಿಕೊಂಡೇ ಆ ನಿರ್ಧಾರ ಕೈಗೊಳ್ಳಬೇಕು.

ಪರಿಚಯವೇ ಜ್ಞಾನವಲ್ಲ

ಮೊದಲ ಬಾರಿ ಬರೆಯುವವರಿಗಿಲ್ಲದ ಒಂದು ಅಪಾಯ ಮರುಯತ್ನಿಸುವವರಿಗಿದೆ. ಅವರಿಗೆ ಪುಟಗಳೆಲ್ಲ ಪರಿಚಿತ. ಗೆರೆ ಎಳೆದ ಸಾಲುಗಳು ಕಂಡೊಡನೆ ‘ಇದು ಗೊತ್ತು’ ಎನಿಸಿ ಪುಟ ಮಗುಚುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಲ್ಲೇಖಾರ್ಹ. ಪಠ್ಯಭಾಗವನ್ನು ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿದ್ದನ್ನು ನೆನಪಿನಿಂದ ಬರೆದುನೋಡಿದವರು ವಾರದ ನಂತರದ ಪರೀಕ್ಷೆಯಲ್ಲಿ ಅವರನ್ನು ಹಿಂದಿಕ್ಕಿದರು.

ಆದ್ದರಿಂದ ಅಧ್ಯಾಯವನ್ನು ತೆರೆಯುವ ಮೊದಲೇ ಅದರ ಮೇಲಿನ ಹಿಂದಿನ ಪ್ರಶ್ನೆಯೊಂದನ್ನು ಬರೆದು, ತಪ್ಪಿದ್ದನ್ನಷ್ಟೇ ಓದುವುದು ಮರುಯತ್ನಕ್ಕೆ ಹೊಂದುವ ಕ್ರಮ. ಸಂಸ್ಥೆಯ ಅಧ್ಯಯನ ಮಂಡಳಿ ಹೊರತರುವ ಅಧ್ಯಯನ ಸಾಮಗ್ರಿ, ಪುನರ್ಮನನ ಪ್ರಶ್ನೆಪತ್ರಿಕೆ, ಅಣಕು ಪ್ರಶ್ನೆಪತ್ರಿಕೆ ಹಾಗೂ ಸೂಚಿತ ಉತ್ತರಗಳು ಇದಕ್ಕೆ ಸಾಕಾಗುವಷ್ಟಿವೆ. ತಪ್ಪುಗಳಿಗೆಂದೇ ಒಂದು ಪುಸ್ತಕವಿಟ್ಟು ವಾರಕ್ಕೊಮ್ಮೆ ಅದರ ಪ್ರಶ್ನೆಗಳನ್ನು ಪುನಃ ಬರೆದರೆ, ಪರೀಕ್ಷೆಯ ಹಿಂದಿನ ದಿನ ನೋಡಬೇಕಾದ ಪುಸ್ತಕವೂ ಅದೇ ಆಗುತ್ತದೆ.

ಹಳೆಯ ಟಿಪ್ಪಣಿ, ಹೊಸ ಕಾನೂನು

ಲೆಕ್ಕಶಾಸ್ತ್ರದ ತತ್ತ್ವಗಳು ವರ್ಷಕ್ಕೊಮ್ಮೆ ಬದಲಾಗುವುದಿಲ್ಲ; ತೆರಿಗೆ ಕಾನೂನುಗಳು ಬದಲಾಗುತ್ತವೆ. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನದಲ್ಲಿ ರೂಪುಗೊಂಡ 2025ರ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನ. ಅದರಲ್ಲಿ 536 ಸೆಕ್ಷನ್‌ಗಳಿದ್ದು, ‘ಹಿಂದಿನ ವರ್ಷ’ ಮತ್ತು ‘ಕರನಿರ್ಧಾರಣೆ ವರ್ಷ’ ಎಂಬ ಜೋಡಿಯ ಬದಲು ‘ತೆರಿಗೆ ವರ್ಷ’ ಎಂಬ ಒಂದೇ ಪರಿಕಲ್ಪನೆಯಿದೆ. ಮನೆಮಾತಾಗಿದ್ದ 80ಸಿ ಕಡಿತ ಅಲ್ಲಿ 123ನೇ ಸೆಕ್ಷನ್. ಹಿಂದಿನ ಬಾರಿ ಕಂಠಪಾಠ ಮಾಡಿದ ಸೆಕ್ಷನ್ ಸಂಖ್ಯೆಗಳೇ ಈ ಬಾರಿ ಮುಳುವಾಗಬಹುದು. ಬರೆಯಲಿರುವ ಪರೀಕ್ಷೆಗೆ ಯಾವ ಕಾಯ್ದೆ, ಯಾವ ಹಣಕಾಸು ಕಾಯ್ದೆ, ಯಾವ ದಿನಾಂಕದವರೆಗಿನ ಅಧಿಸೂಚನೆಗಳು ಅನ್ವಯಿಸುತ್ತವೆ ಎಂಬ ಸಂಸ್ಥೆಯ ಪ್ರಕಟಣೆಯನ್ನು ಓದಿದ ನಂತರವೇ ತೆರಿಗೆ ಪತ್ರಿಕೆಗಳಿಗೆ ಕೈಹಾಕಬೇಕು.

ಮೂರು ಗಂಟೆ, ನೂರು ಅಂಕ

180 ನಿಮಿಷಗಳಲ್ಲಿ 100 ಅಂಕಗಳೆಂದರೆ ಅಂಕಕ್ಕೆ 1.8 ನಿಮಿಷ, 14 ಅಂಕಗಳ ಪ್ರಶ್ನೆಗೆ ಸುಮಾರು 25 ನಿಮಿಷ. ಆ ಗಡಿ ದಾಟಿದ ಉತ್ತರ ಮತ್ತೊಂದು ಪ್ರಶ್ನೆಯ ಸಮಯವನ್ನು ಕಬಳಿಸುತ್ತದೆ. ಪತ್ರಿಕೆಯ ಶೇ. 30 ಅಂಕಗಳು ಬಹು ಆಯ್ಕೆಯ ಪ್ರಶ್ನೆಗಳಿಗೆ ಮೀಸಲು. ಅಂತಿಮ ಹಂತದಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಇಲ್ಲದ ಕಾರಣ ಒಂದನ್ನೂ ಖಾಲಿ ಬಿಡಬಾರದು.

ವಿವರಣಾತ್ಮಕ ಉತ್ತರದಲ್ಲಿ ನಿಖರ ಪರಿಭಾಷೆಗೆ ಬೆಲೆ. ಆಡಿಟಿಂಗ್ ಮಾನದಂಡ ಎಸ್.ಎ. 705 ಇದಕ್ಕೆ ಉತ್ತಮ ನಿದರ್ಶನ. ತಪ್ಪು ಗಣನೀಯವಾಗಿದ್ದರೂ ಲೆಕ್ಕಪತ್ರಗಳ ಉದ್ದಕ್ಕೂ ವ್ಯಾಪಿಸಿಲ್ಲದಿದ್ದರೆ ‘ಕ್ವಾಲಿಫೈಡ್’ ಅಭಿಪ್ರಾಯ. ವ್ಯಾಪಿಸಿದ್ದರೆ ‘ಅಡ್ವರ್ಸ್’ ಅಭಿಪ್ರಾಯ. ಸಾಕ್ಷ್ಯವೇ ದೊರೆಯದೆ, ಅದರ ಪರಿಣಾಮ ವ್ಯಾಪಕವಾಗಿರುವ ಸಾಧ್ಯತೆಯಿದ್ದರೆ ‘ಡಿಸ್‌ಕ್ಲೇಮರ್’. ಸಂಗತಿ ತಿಳಿದಿದ್ದೂ ‘ಲೆಕ್ಕಪರಿಶೋಧಕರು ಪ್ರತಿಕೂಲ ವರದಿ ನೀಡಬೇಕು’ ಎಂದಷ್ಟೇ ಬರೆದವರು ಅಂಕ ಕಳೆದುಕೊಳ್ಳುತ್ತಾರೆ. ನಿಯಮ, ಪ್ರಕರಣದ ಸಂಗತಿ, ಅನ್ವಯ, ನಿರ್ಣಯ ಎಂಬ ಕ್ರಮದಲ್ಲಿ ಬರೆಯುವುದು ಕ್ಷೇಮ.

ಈ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಬಹುದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ವಿಷಯವನ್ನು ಕನ್ನಡದಲ್ಲಿ ಅರ್ಥೈಸಿಕೊಂಡರೂ ಉತ್ತರದ ವಾಕ್ಯಗಳನ್ನು ಇಂಗ್ಲಿಷ್‌ನಲ್ಲೇ ಬರೆದು ರೂಢಿಸಿಕೊಳ್ಳಬೇಕು. ಬೆಂಗಳೂರು, ಮೈಸೂರು, ಮಂಗಳೂರು, ಉಡುಪಿ, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ ಮುಂತಾದೆಡೆ ಸಂಸ್ಥೆಯ ಶಾಖೆಗಳಿವೆ. ಅಣಕು ಪರೀಕ್ಷೆಗಳ ಬಗ್ಗೆ ಅಲ್ಲಿ ವಿಚಾರಿಸಬಹುದು.

ಮನೆ ಮತ್ತು ಮನಸ್ಸು

ಆರ್ಟಿಕಲ್‌ಶಿಪ್ ಮುಗಿಸಿದ ಅಭ್ಯರ್ಥಿ ಮರುಯತ್ನಕ್ಕೆ ಮನೆಯಲ್ಲಿ ಕುಳಿತಾಗ ಸ್ಟೈಪೆಂಡ್ ನಿಂತಿರುತ್ತದೆ, ಸಹಪಾಠಿಗಳು ವೇತನ ಪಡೆಯುತ್ತಿರುತ್ತಾರೆ, ನೆಂಟರು ಫಲಿತಾಂಶ ಕೇಳುತ್ತಿರುತ್ತಾರೆ. ಈ ಒತ್ತಡ ಓದಿನಷ್ಟೇ ವಾಸ್ತವ. ಖರ್ಚನ್ನು ಯಾರು, ಎಷ್ಟು ಕಾಲ ಭರಿಸುತ್ತಾರೆ, ಎಷ್ಟು ಪರೀಕ್ಷೆಗಳವರೆಗೆ ಮುಂದುವರಿಯುವುದು ಎಂಬುದನ್ನು ಫಲಿತಾಂಶದ ದಿನದ ಉದ್ವೇಗದಲ್ಲಲ್ಲದೆ ಮೊದಲೇ ಕುಳಿತು ಮಾತಾಡಿಕೊಂಡ ಕುಟುಂಬಗಳಲ್ಲಿ ಅದು ಹಗುರಾಗುತ್ತದೆ. ಇಂಟರ್‌ಮೀಡಿಯೆಟ್ ಉತ್ತೀರ್ಣತೆ ಮತ್ತು ಆರ್ಟಿಕಲ್‌ಶಿಪ್ ಅನುಭವಕ್ಕೆ ಲೆಕ್ಕಪತ್ರ, ತೆರಿಗೆ ಹಾಗೂ ಆಡಿಟ್ ವಿಭಾಗಗಳಲ್ಲಿ ಬೇಡಿಕೆಯಿದೆ. ದುಡಿಯುತ್ತಲೇ ಒಂದೊಂದು ಗುಂಪನ್ನು ಮುಗಿಸುವುದೂ ಗೌರವದ ದಾರಿಯೇ.

ನಿದ್ದೆ ಕೆಟ್ಟು, ಊಟ ಸೇರದೆ, ಬದುಕೇ ಬೇಡವೆನಿಸುವಂತಾದರೆ ಅದನ್ನು ಪರೀಕ್ಷೆಯ ಚಿಂತೆಯೆಂದು ತಳ್ಳಿಹಾಕಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರಿ ಸಹಾಯವಾಣಿ ‘ಟೆಲಿ ಮಾನಸ್’ 14416 ಸಂಖ್ಯೆಯಲ್ಲಿ ಉಚಿತವಾಗಿ, ದಿನದ ಯಾವುದೇ ಹೊತ್ತಿನಲ್ಲಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆಯಾಗಿದ್ದು, ಕನ್ನಡದಲ್ಲೂ ಮಾತಾಡಬಹುದು.

ಸಿ.ಎ. ಪ್ರಮಾಣಪತ್ರದಲ್ಲಿ ಎಷ್ಟನೆಯ ಪ್ರಯತ್ನವೆಂಬುದು ನಮೂದಾಗುವುದಿಲ್ಲ. ಆದರೆ ಪ್ರತಿ ಪ್ರಯತ್ನಕ್ಕೂ ಸಮಯ ಮತ್ತು ಹಣದ ಬೆಲೆಯಿದೆ. ಮುಂದಿನ ಅರ್ಜಿ ತುಂಬುವ ಮೊದಲು ಹಿಂದಿನ ಅಂಕಪಟ್ಟಿಗೆ ಒಂದು ದಿನ ಕೊಡುವುದು ಆ ವೆಚ್ಚವನ್ನು ಉಳಿಸುವ ಮೊದಲ ಹೆಜ್ಜೆ.